ಚಳಿಗಾಲದಲ್ಲಿ ಊರಿನ ಮರಗಳಲ್ಲಿ ಗುಂಪುಗೂಡುವ ಗೂಬೆಗಳು

೧. ಪೀಠಿಕೆ

ಐರೋಪ್ಯ ಖಂಡದ ಸರ್ಬಿಯಾ ದೇಶದ ಉತ್ತರ ಭಾಗದಲ್ಲಿ, ರುಮೇನಿಯಾದ ಗಡಿಗೆ ಸಮೀಪವಾಗಿ, ಕಿಕಿಂಡಾ ಎಂಬ ಪಟ್ಟಣವುಂಟು. ಅದರ ಜನಸಂಖ್ಯೆಯು ಮೂವತ್ತು ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟಿದೆ. ಸುತ್ತಲಿನ ನೆಲವು ಕಣ್ಣು ಹಾಯುವಷ್ಟು ದೂರವೂ ಸಮತಟ್ಟಾದ ಫಲವತ್ತಾದ ಕಪ್ಪು ಮಣ್ಣು. ಗೋಧಿ, ಮುಸುಕಿನ ಜೋಳ, ಸೂರ್ಯಕಾಂತಿ, ಸಕ್ಕರೆ ಬೀಟು, ಇವು ಅಲ್ಲಿಯ ಮುಖ್ಯ ಬೆಳೆಗಳು. ಪಟ್ಟಣದ ನಡುವೆ ಒಂದು ಚೌಕವಿದ್ದು, ಅದರ ಬದಿಯಲ್ಲಿ ದೇವಾಲಯವೂ ಅಂಗಡಿಗಳೂ, ಒಳಗೆ ನೆರಳಿಗೆಂದು ಬೆಳೆಸಿದ ಮರಗಳೂ ಇರುವುವು. ನವೆಂಬರ್ ತಿಂಗಳಿನಿಂದ ಮಾರ್ಚಿಯವರೆಗೆ ಈ ಮರಗಳಲ್ಲಿ ಹಗಲೆಲ್ಲವೂ ನೂರಾರು ಗೂಬೆಗಳು ಕುಳಿತಿರುವುವು. ಒಳ್ಳೆಯ ವರ್ಷಗಳಲ್ಲಿ ಒಂದೇ ದಿನದ ಎಣಿಕೆಗೆ ಏಳು ನೂರಕ್ಕಿಂತಲೂ ಹೆಚ್ಚು ಪಕ್ಷಿಗಳು ದೊರೆತದ್ದುಂಟು. ಒಂದು ಪಟ್ಟಣದ ನಡುವೆ ಇಷ್ಟು ಗೂಬೆಗಳು ಒಟ್ಟಾಗಿ ತಂಗುವ ಸ್ಥಳವು ಲೋಕದಲ್ಲಿ ಮತ್ತೊಂದು ಪ್ರಸಿದ್ಧವಾಗಿಲ್ಲ.

ಗೂಬೆಯು ಸಾವಿನ ಸೂಚನೆಯೆಂಬ ಭಯವು ಆ ಸೀಮೆಯಲ್ಲಿಯೂ ಹಿಂದಿನಿಂದ ಇತ್ತು. ಇಂದು ಅದೇ ಪಟ್ಟಣದವರು ನವೆಂಬರ್ ತಿಂಗಳನ್ನು ಗೂಬೆಯ ಹೆಸರಿನಿಂದಲೇ ಕರೆಯುವರು. ಅವರ ಭಾಷೆಯಲ್ಲಿ ಗೂಬೆಗೆ ‘ಸೋವ’ ಎಂದು ಹೆಸರು. ತಿಂಗಳಿಗೆ ‘ಸೋವೆಂಬರ್’ ಎಂದು ಹೆಸರಿಟ್ಟು ಉತ್ಸವ ಮಾಡುವರು. ಪಕ್ಷಿಯು ಹಿಂದೆ ಇದ್ದಂತೆಯೇ ಇದೆ. ಅದನ್ನು ನೋಡುವ ಕಣ್ಣು ಮಾತ್ರ ಬೇರೆಯಾಗಿದೆ. ಈ ಬದಲಾವಣೆಯು ಬೇಸಾಯಗಾರನಿಗೆ ಲಾಭಕರವಾದುದೆಂಬುದನ್ನೂ, ಅಂತಹ ಗುಂಪನ್ನು ತೊಂದರೆಪಡಿಸದೆ ನೋಡಿ ತಿಳಿಯುವ ಕ್ರಮವನ್ನೂ ಈ ಪತ್ರಿಕೆಯಲ್ಲಿ ವಿವರಿಸಲಾಗಿದೆ.

೨. ಪಕ್ಷಿಯ ಗುರುತು

ಕಿಕಿಂಡಾದಲ್ಲಿ ಸೇರುವುದು ಉದ್ದಗಿವಿಯ ಗೂಬೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು ೧೪ ಅಂಗುಲ ಉದ್ದ. ರೆಕ್ಕೆಗಳನ್ನು ಬಿಚ್ಚಿದರೆ ತುದಿಯಿಂದ ತುದಿಗೆ ಮೂರು ಅಡಿಗಿಂತ ಸ್ವಲ್ಪ ಹೆಚ್ಚು. ಇಷ್ಟು ಅಗಲವಾದ ರೆಕ್ಕೆಯುಳ್ಳ ಪಕ್ಷಿಯ ತೂಕವು ಸಾಮಾನ್ಯವಾಗಿ ೨೫ ತೊಲದ ಆಸುಪಾಸು ಮಾತ್ರ. ಹೆಣ್ಣು ಗಂಡಿಗಿಂತ ದೊಡ್ಡದು. ಮೈಮೇಲೆ ಕಂದು, ಹಳದಿ, ಕಪ್ಪು ಗೆರೆಗಳು ಬೆರೆತಿರುವುದರಿಂದ ಕೊಂಬೆಗೆ ಒರಗಿ ಕುಳಿತಾಗ ಮರದ ತೊಗಟೆಯಂತೆಯೇ ಕಾಣುವುದು. ಕಣ್ಣುಗಳು ಕಿತ್ತಳೆ ಬಣ್ಣದವು.

ತಲೆಯ ಮೇಲೆ ನೆಟ್ಟಗೆ ನಿಂತಿರುವ ಎರಡು ಜುಟ್ಟುಗಳು ಕಿವಿಗಳಲ್ಲ, ಬರಿಯ ಗರಿಗಳು. ನಿಜವಾದ ಕಿವಿಗಳು ಮುಖದ ಇಕ್ಕೆಲಗಳಲ್ಲಿ ಗರಿಗಳ ಒಳಗೆ ಅಡಗಿರುವುವು. ಎಡಕಿವಿಯೂ ಬಲಕಿವಿಯೂ ಒಂದೇ ಸಮವಾಗಿರುವುದಿಲ್ಲ. ಇದರಿಂದ ಒಂದೇ ಶಬ್ದವು ಎರಡು ಕಿವಿಗಳಿಗೂ ಸ್ವಲ್ಪ ಭೇದದಿಂದ ಮುಟ್ಟಿ, ಇಲಿಯು ಯಾವ ದಿಕ್ಕಿನಲ್ಲಿ ಎಷ್ಟು ಕೆಳಗಿದೆ ಎಂಬುದನ್ನು ಗೂಬೆಯು ಕತ್ತಲೆಯಲ್ಲಿಯೂ ಅರಿಯಬಲ್ಲದು. ದುಂಡಾದ ಮುಖವು ಮೊರದಂತೆ ಶಬ್ದವನ್ನು ಕೂಡಿಸಿ ಕಿವಿಗೆ ಒಪ್ಪಿಸುವುದು. ರೆಕ್ಕೆಯ ಗರಿಗಳ ಅಂಚು ಜಾಲರಿಯಂತೆ ಮೃದುವಾಗಿರುವುದರಿಂದ ಹಾರುವಾಗ ಸದ್ದಾಗುವುದಿಲ್ಲ. ಕಣ್ಣಿನ ಗುಡ್ಡೆಗಳು ತಿರುಗುವುದಿಲ್ಲ; ಅದಕ್ಕೆ ಬದಲಾಗಿ ಕುತ್ತಿಗೆಯು ಹಿಂದಕ್ಕೂ ನೋಡುವಷ್ಟು ತಿರುಗುವುದು.

೩. ಗುಂಪುಗೂಡುವ ಕಾಲ ಮತ್ತು ರೀತಿ

ಬೇಸಗೆಯಲ್ಲಿ ಈ ಗೂಬೆಗಳು ಜೋಡಿಜೋಡಿಯಾಗಿ ಚದುರಿರುವುವು. ತಮಗಾಗಿ ಗೂಡು ಕಟ್ಟುವುದಿಲ್ಲ. ಕಾಗೆಗಳ ಜಾತಿಯ ಪಕ್ಷಿಗಳು ಬಿಟ್ಟುಹೋದ ಹಳೆಯ ಗೂಡುಗಳಲ್ಲಿ ಮೊಟ್ಟೆಯಿಡುವುವು. ಒಂದು ಸಾರಿಗೆ ನಾಲ್ಕೈದು ಮೊಟ್ಟೆಗಳು ಸಾಮಾನ್ಯ. ಹೆಣ್ಣು ಸುಮಾರು ನಾಲ್ಕು ವಾರ ಕಾವು ಕೊಡುವುದು. ಅಷ್ಟು ದಿನವೂ ಗಂಡು ಆಹಾರ ತಂದುಕೊಡುವುದು. ಮರಿಗಳು ಹಾರಲು ಶಕ್ತವಾಗುವುದಕ್ಕೆ ಮುಂಚೆಯೇ ಗೂಡಿನಿಂದ ಹೊರಬಂದು ಕೊಂಬೆಗಳ ಮೇಲೆ ಕುಳಿತು, ಎಣ್ಣೆ ಕಾಣದ ಬಾಗಿಲಿನ ಕೀಲಿನಂತೆ ಕಿರುಗುಟ್ಟುವುವು.

ಬೆಳೆ ಕೊಯ್ದು ಶರತ್ಕಾಲವು ಕಳೆಯುತ್ತ ಬಂದಂತೆ ಈ ಸಂಸಾರಗಳು ಬಿಡಿಯಾಗಿ, ಬೇರೆ ಬೇರೆ ಕಡೆಯ ಪಕ್ಷಿಗಳು ಒಂದೇ ಮರಗಳ ಗುಂಪಿಗೆ ಬಂದು ಸೇರುವುವು. ಹೆಚ್ಚು ಹಿಮ ಬೀಳುವ ಉತ್ತರದ ದೇಶಗಳಿಂದ ದಕ್ಷಿಣಕ್ಕೆ ಬರುವ ಪಕ್ಷಿಗಳೂ ಇವುಗಳೊಡನೆ ಕೂಡುವುವು. ಐರೋಪ್ಯದ ಇತರ ಕಡೆಗಳಲ್ಲಿ ಒಂದು ತಂಗುದಾಣದಲ್ಲಿ ಐದು, ಹತ್ತು, ಇಪ್ಪತ್ತು ಪಕ್ಷಿಗಳಿರುವುದು ರೂಢಿ. ಸರ್ಬಿಯಾದ ಉತ್ತರದ ಬಯಲುಸೀಮೆಯಲ್ಲಿ ಅನೇಕ ಊರುಗಳಲ್ಲಿ ಹತ್ತಾರು, ನೂರಾರು ಸೇರುವುದುಂಟು; ಕಿಕಿಂಡಾ ಅವುಗಳಲ್ಲಿ ಮುಂದಾದುದು.

ಹಗಲಲ್ಲಿ ಅವು ಅಲುಗಾಡುವುದಿಲ್ಲ. ಬಹುಮಟ್ಟಿಗೆ ಮೌನವಾಗಿಯೂ ಇರುವುವು. ಸಂಜೆ ಕತ್ತಲಾಗುತ್ತಲೇ ಒಂದೊಂದಾಗಿ ಮೈ ಕೊಡಹಿ, ರೆಕ್ಕೆ ನೀಡಿ, ಮನೆಗಳ ಮಾಡುಗಳ ಮೇಲಿಂದ ಹೊಲಗಳ ಕಡೆಗೆ ಹಾರಿಹೋಗುವುವು. ಬೆಳಗಾಗುವುದಕ್ಕೆ ಮುಂಚೆ ಹಿಂದಿರುಗಿ ಬಹುಶಃ ಅದೇ ಮರಗಳನ್ನು ಸೇರುವುವು. ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿ ಗುಂಪು ಕರಗುತ್ತ ಬಂದು, ಏಪ್ರಿಲ್ ಹೊತ್ತಿಗೆ ಚೌಕದ ಮರಗಳು ಬರಿದಾಗುವುವು.

೪. ಊರನ್ನು ಆರಿಸಿಕೊಳ್ಳಲು ಕಾರಣಗಳು

ಕಾಡಿನ ಪಕ್ಷಿಯೊಂದು ಜನರ ತಲೆಯ ಮೇಲೆಯೇ ಬಂದು ಕುಳಿತುಕೊಳ್ಳುವುದಕ್ಕೆ ಕಾರಣವೇನೆಂದು ಯಾರಿಗಾದರೂ ಸಂದೇಹ ಬರುವುದು ಸಹಜ. ಕಾರಣಗಳು ಹಲವಾಗಿವೆ.

ಮೊದಲನೆಯದು ಬೆಚ್ಚಗಿರುವಿಕೆ. ಆ ಸೀಮೆಯಲ್ಲಿ ಜನವರಿಯ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುವುದು ಸಾಮಾನ್ಯ. ಬಯಲಿನಲ್ಲಿ ಗಾಳಿಗೆ ಅಡ್ಡವಿಲ್ಲ. ಊರಿನಲ್ಲಿ ಮನೆಗಳ ಸಾಲು ಗಾಳಿಯನ್ನು ತಡೆಯುವುದು; ಗೋಡೆಗಳೂ ಒಲೆಗಳೂ ಸುತ್ತಲಿನ ಗಾಳಿಯನ್ನು ಸ್ವಲ್ಪಮಟ್ಟಿಗೆ ಬೆಚ್ಚಗಿಡುವುವು. ಎಲೆ ಉದುರಿಸದ ಸೂಜಿಯೆಲೆಯ ಮರಗಳನ್ನು ಜನರು ಅಲಂಕಾರಕ್ಕೆಂದು ನೆಟ್ಟಿರುವುದರಿಂದ ಹಿಮಕ್ಕೂ ಗಾಳಿಗೂ ಮರೆ ದೊರೆಯುವುದು.

ಎರಡನೆಯದು ಶತ್ರುಭಯದಿಂದ ಬಿಡುಗಡೆ. ಡೇಗೆಯ ಜಾತಿಯ ದೊಡ್ಡ ಬೇಟೆಹಕ್ಕಿಗಳು ಈ ಗೂಬೆಯನ್ನು ಹಿಡಿದು ತಿನ್ನುವುವು. ಅವು ಜನಸಂದಣಿಯ ನಡುವೆ ಬರಲು ಅಂಜುವುವು. ಮೇಲಾಗಿ, ಗುಂಪಿನಲ್ಲಿ ಅನೇಕ ಕಣ್ಣುಗಳಿರುವುದರಿಂದ ಅಪಾಯವು ಬೇಗ ತಿಳಿಯುವುದು.

ಮೂರನೆಯದು ಆಹಾರದ ಸಾಮೀಪ್ಯ. ಊರಿನ ಅಂಚಿನಿಂದಲೇ ಹೊಲಗಳು ಮೊದಲಾಗುವುವು. ಕೊಯ್ದ ಕೂಳೆ, ಮೇವಿನ ಬೆಳೆ, ಹುಲ್ಲಿನ ಬದು, ತೆನೆ ಕೂಡಿಟ್ಟ ಕಣಜ, ಇವೆಲ್ಲವೂ ಇಲಿಗಳಿಗೆ ಆಶ್ರಯ. ಇಲಿಯಿರುವ ಕಡೆಗೆ ಗೂಬೆಯು ಬರುವುದು. ಇಲಿ ಕಡಿಮೆಯಾದ ವರ್ಷ ಗೂಬೆಗಳೂ ಕಡಿಮೆಯಾಗಿ ಬರುವುವು. ಗೂಬೆಯು ಊರಿಗೆ ಕೇಡನ್ನು ತರುವುದಿಲ್ಲ. ಊರಿನ ಹೊಲಗಳಲ್ಲಿ ಮುಂಚೆಯೇ ಸೇರಿರುವ ಕೇಡನ್ನು ಹುಡುಕಿಕೊಂಡು ಬರುವುದು. ಅದು ಅಪಶಕುನವೆಂದು ಹೇಳುವವರು ಕಾರ್ಯವನ್ನು ಕಾರಣವೆಂದು ತಪ್ಪಾಗಿ ತಿಳಿದಿರುವರು.

ಕಟ್ಟಕಡೆಯದು ಜನರ ಸಹನೆ. ಇದಿಲ್ಲದಿದ್ದರೆ ಮೇಲಿನ ಮೂರು ಅನುಕೂಲಗಳಿದ್ದರೂ ಪಕ್ಷಿಗಳು ನೆಲೆಯಾಗಲಾರವು.

೫. ಆಹಾರ ಮತ್ತು ಬೇಸಾಯಗಾರನಿಗಾಗುವ ಪ್ರಯೋಜನ

ಮಧ್ಯ ಐರೋಪ್ಯದ ಬಯಲುಗಳಲ್ಲಿ ಉದ್ದಗಿವಿಯ ಗೂಬೆಯ ಆಹಾರದಲ್ಲಿ ಹೆಚ್ಚು ಭಾಗವು ಮೋಟುಬಾಲದ ಹುಲ್ಲಿಲಿಯಾಗಿರುವುದು. ಉಳಿದುದು ಇತರ ಚಿಕ್ಕ ಇಲಿಗಳು. ಹಿಮವು ದಟ್ಟವಾಗಿ ನೆಲವನ್ನು ಮುಚ್ಚಿದಾಗ ಗುಬ್ಬಿಯಂತಹ ಚಿಕ್ಕ ಪಕ್ಷಿಗಳು. ಹುಲ್ಲಿಲಿಯು ಎರಡು ಮೂರು ತೊಲ ತೂಗುವ ಅಲ್ಪಪ್ರಾಣಿಯಾದರೂ ಅದರ ಸಂತಾನವೃದ್ಧಿಯು ಭಯಂಕರವಾದುದು. ಹೆಣ್ಣಿಲಿಯು ಮೂರು ವಾರಗಳ ಗರ್ಭದಿಂದ ಒಂದು ಸಾರಿಗೆ ಐದಾರು ಮರಿಗಳನ್ನು ಹಾಕುವುದು. ಆ ಮರಿಗಳು ಕೆಲವು ವಾರಗಳಲ್ಲಿಯೇ ತಾವೂ ಮರಿ ಹಾಕಲು ಸಿದ್ಧವಾಗುವುವು. ಅನುಕೂಲವಾದ ವರ್ಷಗಳಲ್ಲಿ ಅವು ಗೋಧಿಯ ಎಳೆಪೈರನ್ನೂ ಮೇವಿನ ಬೆಳೆಯನ್ನೂ ಹಾಳುಮಾಡಿ ರೈತನನ್ನು ನಷ್ಟಕ್ಕೆ ಗುರಿಮಾಡುವುವು.

ಒಂದು ಗೂಬೆಯು ರಾತ್ರಿಗೆ ಎರಡು ಮೂರು ಹುಲ್ಲಿಲಿಗಳನ್ನು ತಿನ್ನುವುದು. ಒಂದು ಚೌಕದಲ್ಲಿ ೫೦೦ ಗೂಬೆಗಳು ತಂಗಿ, ಒಂದೊಂದೂ ರಾತ್ರಿಗೆ ಎರಡೇ ಇಲಿಗಳನ್ನು ಹಿಡಿಯುವುವೆಂದು ಇಟ್ಟುಕೊಂಡರೂ, ೧೨೦ ರಾತ್ರಿಗಳಲ್ಲಿ ೧,೨೦,೦೦೦ ಇಲಿಗಳು ಹೊಲದಿಂದ ಹೋದಂತಾಗುವುದು. ಗೂಬೆಗಳ ಸಂಖ್ಯೆಯು ಚಳಿಗಾಲದಲ್ಲೆಲ್ಲ ಒಂದೇ ಸಮವಾಗಿರುವುದಿಲ್ಲವಾದುದರಿಂದ ಇದು ಅಂದಾಜಿನ ಲೆಕ್ಕವೇ ಸರಿ. ಆದರೂ ಚಳಿಗಾಲದಲ್ಲಿ ಸತ್ತ ಇಲಿಯು ವಸಂತದಲ್ಲಿ ಮರಿ ಹಾಕತಕ್ಕ ಇಲಿ ಎಂಬುದನ್ನು ಮರೆಯತಕ್ಕದ್ದಲ್ಲ. ಈ ಕೆಲಸಕ್ಕೆ ರೈತನು ಕೂಲಿಯನ್ನಾಗಲಿ, ಕಾಳನ್ನಾಗಲಿ ಕೊಡಬೇಕಾಗಿಲ್ಲ.

ಗೂಬೆಗಳಿಂದಲೇ ಇಲಿಯ ಕಾಟವು ಪೂರ್ತಿಯಾಗಿ ತೀರುವುದೆಂದು ಮಾತ್ರ ನಂಬತಕ್ಕದ್ದಲ್ಲ. ಇಲಿಗಳು ಮಿತಿಮೀರಿ ಹೆಚ್ಚಿದ ವರ್ಷ ಯಾವ ಪಕ್ಷಿಯೂ ಅವುಗಳನ್ನು ಅಳಿಸಲಾರದು. ಹೊಲವನ್ನು ಶುಚಿಯಾಗಿಡುವುದು, ಬಿಲಗಳನ್ನು ಅಗೆಯುವುದು, ಕಣಜವನ್ನು ಭದ್ರಪಡಿಸುವುದು ರೈತನ ಕೆಲಸವೇ. ಗೂಬೆಯು ಆ ಕೆಲಸದಲ್ಲಿ ಸಹಾಯಕ.

೬. ಉಗುಳುಂಡೆಗಳ ಪರೀಕ್ಷೆ

ಗೂಬೆಯು ಇಲಿಯನ್ನು ಸಾಮಾನ್ಯವಾಗಿ ಇಡಿಯಾಗಿಯೇ ನುಂಗುವುದು. ಮಾಂಸವು ಜೀರ್ಣವಾಗಿ, ಎಲುಬೂ ಕೂದಲೂ ಹೊಟ್ಟೆಯಲ್ಲಿ ಉಂಡೆಗಟ್ಟಿ, ದಿನಕ್ಕೆ ಒಂದೆರಡು ಸಾರಿ ಬಾಯಿಂದ ಹೊರಬೀಳುವುದು. ಇದು ಮಲವಲ್ಲ. ಉದ್ದಗಿವಿಯ ಗೂಬೆಯ ಉಂಡೆಯು ಸುಮಾರು ಎರಡು ಅಂಗುಲ ಉದ್ದ, ಬೆರಳಿನಷ್ಟು ದಪ್ಪ, ಬೂದುಬಣ್ಣ. ತಂಗುವ ಮರದ ಕೆಳಗೆ ಇವು ರಾಶಿಯಾಗಿ ಬೀಳುವುವು. ಗೂಬೆಯು ನಿಜವಾಗಿ ಏನು ತಿಂದಿತೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯವಿಲ್ಲ.

ಪರೀಕ್ಷಿಸುವವರು ಈ ಕ್ರಮವನ್ನು ಅನುಸರಿಸತಕ್ಕದ್ದು:

(ಅ) ಪಕ್ಷಿಗಳು ಹಾರಿಹೋದ ಬಳಿಕ, ಸಂಜೆಯಲ್ಲಿ ಉಂಡೆಗಳನ್ನು ಕಡ್ಡಿಯಿಂದಾಗಲಿ, ಕೈಚೀಲ ಹಾಕಿಕೊಂಡಾಗಲಿ ಆರಿಸಿ, ಕಾಗದದ ಪೊಟ್ಟಣದಲ್ಲಿಟ್ಟು ತಾರೀಖನ್ನೂ ಮರದ ಗುರುತನ್ನೂ ಬರೆಯುವುದು.

(ಆ) ಚೆನ್ನಾಗಿ ಒಣಗಿಸಿ, ಆಮೇಲೆ ಬಿಸಿನೀರಿನಲ್ಲಿ ನೆನೆಹಾಕುವುದು. ಕೂದಲು ಸಡಿಲವಾದೊಡನೆ ಎಲುಬುಗಳು ತಾವಾಗಿಯೇ ಬಿಡಿಯಾಗುವುವು.

(ಇ) ತಲೆಬುರುಡೆಗಳನ್ನು ಎಣಿಸುವುದು. ಬುರುಡೆ ಒಡೆದಿದ್ದರೆ ಕೆಳದವಡೆಗಳನ್ನು ಎಡ, ಬಲವೆಂದು ವಿಂಗಡಿಸಿ, ಯಾವ ಕಡೆಯವು ಹೆಚ್ಚಾಗಿವೆಯೋ ಆ ಸಂಖ್ಯೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು.

(ಈ) ಹುಲ್ಲಿಲಿಯ ದವಡೆಹಲ್ಲಿನ ಮೇಲ್ಭಾಗದಲ್ಲಿ ಗರಗಸದಂತೆ ಮೂಲೆಮೂಲೆಯಾದ ಗೆರೆ ಇರುವುದು. ಇತರ ಇಲಿಗಳ ದವಡೆಹಲ್ಲಿನ ಮೇಲೆ ಗಂಟುಗಂಟಾದ ಉಬ್ಬುಗಳಿರುವುವು. ಕೊಕ್ಕು ಕಂಡರೆ ಅದು ಪಕ್ಷಿಯ ಬುರುಡೆ.

(ಉ) ಕೆಲಸ ಮುಗಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯತಕ್ಕದ್ದು.

ಒಂದು ಪಾಠಶಾಲೆಯ ಹುಡುಗರು ಇಂತಹ ಇಪ್ಪತ್ತು ಉಂಡೆಗಳನ್ನು ಬಿಡಿಸಿ ನೋಡಿದರೆ, ಗೂಬೆಯ ವಿಷಯದಲ್ಲಿ ಅವರಿಗೆ ಮತ್ತೊಂದು ಉಪನ್ಯಾಸವು ಬೇಕಾಗಲಾರದು.

೭. ನೋಡುವ ಮತ್ತು ಎಣಿಸುವ ಕ್ರಮ

ತಂಗುವ ಮರವನ್ನು ಕಂಡುಹಿಡಿಯಲು ಮೊದಲು ನೆಲವನ್ನು ನೋಡಬೇಕು. ಬಿಳಿಯ ಹಿಕ್ಕೆಯ ಕಲೆಗಳೂ ಉಗುಳುಂಡೆಗಳೂ ಇದ್ದರೆ ಮೇಲೆ ಗೂಬೆಯುಂಟೆಂದು ತಿಳಿಯಬಹುದು. ಆಮೇಲೆ ನಿಧಾನವಾಗಿ ದೃಷ್ಟಿಯನ್ನು ಕಾಂಡದ ಬಳಿಯಿಂದ ಕೊಂಬೆಯ ತುದಿಗೆ ಹಾಯಿಸಬೇಕು. ಒಂದು ಗೂಬೆ ಕಾಣಿಸಿದರೆ, ಅಲ್ಲಿಯೇ ನಿಂತು ನೋಡುತ್ತಿರುವಲ್ಲಿ ಎರಡನೆಯದೂ ಹತ್ತನೆಯದೂ ಕಾಣಿಸುವುವು.

ಪಕ್ಷಿಯ ಭಂಗಿಯೇ ನೋಡುವವನಿಗೆ ಎಚ್ಚರಿಕೆ. ಗರಿಗಳನ್ನು ಸಡಿಲಬಿಟ್ಟು ದುಂಡಗೆ ಕುಳಿತು ಕಣ್ಣು ಮುಚ್ಚಿದ್ದರೆ ಅದು ನೆಮ್ಮದಿಯಲ್ಲಿದೆ. ಮೈಯನ್ನು ಕಡ್ಡಿಯಂತೆ ಸಣ್ಣಗೆ ಮಾಡಿ, ಜುಟ್ಟುಗಳನ್ನು ನಿಮಿರಿಸಿ, ಕಣ್ಣನ್ನು ಸೀಳಿನಂತೆ ತೆರೆದು ನೋಡಿದರೆ ಅದು ಹೆದರಿದೆ. ನೋಡುವವನು ಒಡನೆ ಹಿಂದಕ್ಕೆ ಸರಿಯತಕ್ಕದ್ದು. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಅದು ಹಾರುವುದು. ಹಗಲಲ್ಲಿ ಹಾರಿದ ಗೂಬೆಯನ್ನು ಕಾಗೆಗಳು ಮುತ್ತಿ ಅಟ್ಟುವುವು; ಡೇಗೆಗೆ ಗುರಿಯಾಗುವುದೂ ಉಂಟು. ಕೊರೆಯುವ ಚಳಿಯಲ್ಲಿ ಹೊಟ್ಟೆಯ ಆಹಾರವೆಲ್ಲ ಮೈಯ ಕಾವಿಗೆ ಬೇಕಾಗಿರುವಾಗ, ಹೀಗೆ ದಿನಕ್ಕೆ ಹಲವು ಸಾರಿ ಹಾರಿಸಲ್ಪಟ್ಟ ಪಕ್ಷಿಯು ಬಡವಾಗುವುದು. ಚಿತ್ರ ತೆಗೆಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮರವನ್ನು ಅಲುಗಿಸುವುದು, ಕೈ ತಟ್ಟುವುದು, ಕಲ್ಲೆಸೆಯುವುದು, ರಾತ್ರಿ ಕಣ್ಣಿಗೆ ದೀಪ ಹಿಡಿಯುವುದು ಕೂಡದು.

ಎಣಿಕೆಗೆ ಹಗಲೂ ಸಂಜೆಯೂ ಬೇಕು. ಹಗಲಲ್ಲಿ ಇಬ್ಬರು ಮರದ ಎರಡು ಕಡೆಗಳಲ್ಲಿ ನಿಂತು, ಒಂದೊಂದು ಮರವನ್ನೂ ಬೇರೆ ಬೇರೆಯಾಗಿ ಎಣಿಸಿ ಬರೆದುಕೊಳ್ಳುವುದು. ದಟ್ಟವಾದ ಮರಗಳಲ್ಲಿ ಅನೇಕ ಪಕ್ಷಿಗಳು ಮರೆಯಾಗಿರುವುದರಿಂದ, ಸೂರ್ಯಾಸ್ತದ ಹೊತ್ತಿನಿಂದ ಪೂರ್ತಿ ಕತ್ತಲಾಗುವವರೆಗೆ ಆಕಾಶಕ್ಕೆ ಎದುರಾಗಿ ನಿಂತು, ಹೊರಹಾರುವ ಪಕ್ಷಿಗಳನ್ನು ಎಣಿಸಿದರೆ ಲೆಕ್ಕವು ನಿಜಕ್ಕೆ ಹತ್ತಿರವಾಗುವುದು. ತಾರೀಖು, ಹವೆ, ಮರದ ಜಾತಿ, ಸಂಖ್ಯೆ, ಮೊದಲ ಪಕ್ಷಿ ಹಾರಿದ ಹೊತ್ತು, ಹಾರಿದ ದಿಕ್ಕು, ಈ ಆರನ್ನು ಪ್ರತಿಸಾರಿಯೂ ದಾಖಲೆ ಮಾಡತಕ್ಕದ್ದು. ಒಂದು ದಿನದ ದೊಡ್ಡ ಸಂಖ್ಯೆಗಿಂತ ಹತ್ತು ಚಳಿಗಾಲಗಳ ಕ್ರಮವಾದ ದಾಖಲೆಯು ಹೆಚ್ಚು ಬೆಲೆಯುಳ್ಳದ್ದು.

೮. ಗೂಬೆಗಳಿಗೆ ಒದಗುವ ಅಪಾಯಗಳು

ಹೆಚ್ಚಿನ ಅಪಾಯಗಳೆಲ್ಲ ಮನುಷ್ಯನಿಂದಲೇ ಒದಗುವುವು. ಹಳೆಯ ಮರಗಳನ್ನು ಕಡಿಯುವುದು, ಚಳಿಗಾಲದಲ್ಲಿ ಕೊಂಬೆ ಕತ್ತರಿಸುವುದು, ತಂಗುದಾಣದ ಹತ್ತಿರ ಬಾಣಬಿರುಸು ಸುಡುವುದು, ಕಾಗೆಯ ಹಳೆಯ ಗೂಡುಗಳನ್ನು ಕಿತ್ತುಹಾಕುವುದು, ಇವುಗಳಿಂದ ಗುಂಪು ಚದುರುವುದು ಅಥವಾ ಸಂತತಿ ನಿಲ್ಲುವುದು.

ಇವೆಲ್ಲಕ್ಕಿಂತ ಗೂಢವಾದುದು ಇಲಿಪಾಷಾಣದ ಅಪಾಯ. ಬ್ರೋಮಡಿಯೊಲೋನ್ ಮೊದಲಾದ, ರಕ್ತವು ಹೆಪ್ಪುಗಟ್ಟದಂತೆ ಮಾಡುವ ವಿಷಗಳನ್ನು ತಿಂದ ಇಲಿಯು ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಬಯಲಿನಲ್ಲಿ ತೂರಾಡುವುದು. ಅಂತಹ ಇಲಿಯೇ ಗೂಬೆಗೆ ಸುಲಭವಾಗಿ ಸಿಕ್ಕುವುದು. ಇಲಿಯ ಹೊಟ್ಟೆಯಲ್ಲಿದ್ದ ವಿಷವು ಗೂಬೆಯ ಮೈಗೆ ಸೇರಿ ಅದನ್ನೂ ಕೊಲ್ಲಬಹುದು. ಹೀಗೆ ರೈತನು ಒಂದು ಇಲಿಯನ್ನು ಕೊಲ್ಲಲು ಹೋಗಿ, ಮುಂದೆ ನೂರಾರು ಇಲಿಗಳನ್ನು ಕೊಲ್ಲತಕ್ಕ ಪಕ್ಷಿಯನ್ನು ಕಳೆದುಕೊಳ್ಳುವನು. ಗೂಬೆ ಸತ್ತುದು ಅವನಿಗೆ ತಿಳಿಯುವುದೂ ಇಲ್ಲ. ವಿಷವಿಡಲೇಬೇಕಾದರೆ ಬಿಲದೊಳಗೆ ಮಾತ್ರ ಇಟ್ಟು, ಸತ್ತ ಇಲಿಗಳನ್ನು ದಿನದಿನವೂ ಆರಿಸಿ ಆಳವಾಗಿ ಹೂಳತಕ್ಕದ್ದು.

೯. ಕನ್ನಡ ಸೀಮೆಯ ರೈತರು ಗಮನಿಸತಕ್ಕ ಸಂಗತಿ

ಉದ್ದಗಿವಿಯ ಗೂಬೆಯು ಕನ್ನಡ ಸೀಮೆಗೆ ಬರುವ ಪಕ್ಷಿಯಲ್ಲ. ಇಂಡಿಯಾದಲ್ಲಿ ಅದು ಕಾಶ್ಮೀರ ಮೊದಲಾದ ವಾಯವ್ಯ ಭಾಗಗಳಿಗೆ ಸೇರಿದ್ದು. ಆದರೆ ಅದರ ಸೋದರ ಜಾತಿಯಾದ ಗಿಡ್ಡಗಿವಿಯ ಗೂಬೆಯು ಚಳಿಗಾಲದಲ್ಲಿ ಉತ್ತರದಿಂದ ಇಲ್ಲಿಯ ಹುಲ್ಲುಗಾವಲುಗಳಿಗೆ ವಲಸೆ ಬರುವುದು. ಇದು ಮರದಲ್ಲಿ ಕೂರದೆ ಹುಲ್ಲಿನ ನಡುವೆ ನೆಲದ ಮೇಲೆಯೇ ಹಗಲನ್ನು ಕಳೆಯುವುದು. ಕೆಲವು ವೇಳೆ ಹಲವು ಪಕ್ಷಿಗಳು ಒಂದೇ ಕಡೆ ಇರುವುವು. ದನ ಕಾಯುವವರ ಕಾಲಬುಡದಿಂದ ಇವು ಏಳುವುದುಂಟು. ದೇವಾಲಯದ ಗೋಪುರಗಳಲ್ಲಿಯೂ ಪಾಳುಮನೆಗಳಲ್ಲಿಯೂ ಇರುವ, ಬಿಳಿಯ ಮುಖದ ಕಣಜದ ಗೂಬೆಯು ಇಲಿ ಹಿಡಿಯುವುದರಲ್ಲಿ ಎಲ್ಲಕ್ಕಿಂತ ಚತುರ.

ಊರಿನ ಮಾವಿನ ಪೊಟರೆಗಳಲ್ಲಿ ಎರಡು ಮೂರಾಗಿ ಕೂಡಿರುವ ಹಾಲಕ್ಕಿಯೂ ಗೂಬೆಯ ಜಾತಿಯದೇ. ಬುಡುಬುಡಿಕೆಯವನು ಬಾಗಿಲಿಗೆ ಬಂದು ಹಾಲಕ್ಕಿ ನುಡಿಯಿತೆಂದು ಶುಭ ಹೇಳಿದರೆ ಮನೆಯವರು ಸಂತೋಷದಿಂದ ಕಾಳು ನೀಡುವರು. ಅದರ ನಂಟನಾದ ದೊಡ್ಡ ಗೂಬೆಯು ಮಾಡಿನ ಮೇಲೆ ಕುಳಿತರೆ ಹೆದರಿ ಕಲ್ಲೆಸೆಯುವರು. ತಪ್ಪು ಹೊರಿಸುವುದಕ್ಕೆ ಕನ್ನಡದಲ್ಲಿ ‘ಗೂಬೆ ಕೂರಿಸುವುದು’ ಎಂದೇ ಹೇಳುವ ರೂಢಿಯಿದೆ. ಆ ಮಾತಿನಲ್ಲಿ ಅನ್ಯಾಯವು ಆಗುವುದು ಮನುಷ್ಯನಿಗಿಂತ ಮೊದಲು ಗೂಬೆಗೆ.

ಗದ್ದೆ ಹೊಲಗಳಲ್ಲಿ ಆಳುದ್ದಕ್ಕೆ ಮೇಲ್ಪಟ್ಟ, ಅಡ್ಡಪಟ್ಟಿಯುಳ್ಳ ಕಂಬಗಳನ್ನು ಅಲ್ಲಲ್ಲಿ ನೆಟ್ಟರೆ ರಾತ್ರಿ ಗೂಬೆಗಳು ಅದರ ಮೇಲೆ ಕುಳಿತು ಬೇಟೆಯಾಡಲು ಅನುಕೂಲವಾಗುವುದು. ತೆನೆಯಲ್ಲಿ ಕಾಳು ಕಟ್ಟುವ ಹೊತ್ತಿಗೆ ಈ ಕಂಬಗಳನ್ನು ತೆಗೆದುಬಿಡತಕ್ಕದ್ದು. ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗಳಿಗೂ ಅವು ಪೀಠವಾಗುವುವು. ಪೊಟರೆಯುಳ್ಳ ಹಳೆಯ ಮರಗಳನ್ನು ಉಳಿಸಬೇಕು. ೧೯೭೨ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಗೂಬೆಯನ್ನು ಹಿಡಿಯುವುದೂ ಕೊಲ್ಲುವುದೂ ಮಾರುವುದೂ ಶಿಕ್ಷೆಗೆ ಗುರಿಯಾದ ಅಪರಾಧವೆಂಬುದನ್ನು ಎಲ್ಲರೂ ತಿಳಿದಿರಬೇಕು.

೧೦. ಸಾರಾಂಶ

(೧) ಚಳಿಗಾಲದಲ್ಲಿ ಗೂಬೆಗಳು ಊರಿನಲ್ಲಿ ಗುಂಪುಗೂಡುವುದು ಮರೆ, ರಕ್ಷಣೆ, ಆಹಾರಗಳಿಗಾಗಿ, ಶಕುನ ಹೇಳುವುದಕ್ಕಲ್ಲ.

(೨) ಅವುಗಳ ಮುಖ್ಯ ಆಹಾರವು ಬೆಳೆಯನ್ನು ಕೆಡಿಸುವ ಇಲಿ. ಉಗುಳುಂಡೆಗಳನ್ನು ಬಿಡಿಸಿ ಯಾರಾದರೂ ಇದನ್ನು ತಾವೇ ಪರೀಕ್ಷಿಸಬಹುದು.

(೩) ದೂರದಿಂದ, ಸದ್ದಿಲ್ಲದೆ ನೋಡಬೇಕು, ಹಗಲಲ್ಲಿ ಹಾರಿಸತಕ್ಕದ್ದಲ್ಲ.

(೪) ಇಲಿಪಾಷಾಣವನ್ನು ಬಯಲಿನಲ್ಲಿ ಚೆಲ್ಲತಕ್ಕದ್ದಲ್ಲ. ಸತ್ತ ಇಲಿಗಳನ್ನು ಹೂಳಬೇಕು.

(೫) ಹಳೆಯ ಮರಗಳನ್ನೂ ಪೊಟರೆಗಳನ್ನೂ ಹಳೆಯ ಗೂಡುಗಳನ್ನೂ ಕಾಪಾಡಬೇಕು.

ಕಿಕಿಂಡಾದ ಜನರು ಗೂಬೆಗಳಿಗೆ ಮನೆ ಕಟ್ಟಿಕೊಡಲಿಲ್ಲ, ಆಹಾರ ಹಾಕಲಿಲ್ಲ. ತಮ್ಮ ಮರಗಳನ್ನು ಉಳಿಸಿಕೊಂಡು, ಮೇಲೆ ಕುಳಿತವುಗಳನ್ನು ಅವುಗಳ ಪಾಡಿಗೆ ಬಿಟ್ಟರು. ರೈತನು ಯಾವ ಊರಿನಲ್ಲಿಯಾದರೂ ಖರ್ಚಿಲ್ಲದೆ ಮಾಡಬಹುದಾದ ಕೆಲಸವು ಇದು.